ಹೆಸರಿಲ್ಲದ ದಳಪತಿ, ಮಾತು ಬಿಟ್ಟ ಅಪ್ಪ

(ಚಿತ್ರಾಸಕ್ತ ಗೆಳೆಯರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾದ್ದರಿಂದ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವೀಗ ನೋಡಿದ ತುಣುಕಿನಲ್ಲಿ ಏನೂ ನಡೆಯಲಿಲ್ಲ ಅನ್ನಿಸಿರಬಹುದು. ಇಕ್ಕಟ್ಟಾದ, ಮಬ್ಬು ಬೆಳಕಿನ ಒಂದು ಕೋಣೆ. ನಡುವಯಸ್ಸಿನ ದಳಪತಿಯೊಬ್ಬ ತನ್ನ ಹಳೆಯ ಗೆಳೆಯನ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಾನೆ. ಕೆಲಸ ಕೈಗೂಡಿದೆ, ಊರಿಗೆ ಮರಳಬೇಕು. ಆದರೆ ತಾನು ತಾಯ್ನಾಡಿಗೆ ಹೊತ್ತೊಯ್ಯುತ್ತಿರುವ ಉಡುಗೊರೆ ಇನ್ನೊಂದು ಯುದ್ಧ ಅನ್ನುವುದು ಅವನಿಗೆ ಗೊತ್ತು. ಅಲ್ಲಿಗೆ ಮುಟ್ಟುವ ಮುಂಚೆಯೇ ನಾವು ನಾಶವಾಗಿ ಹೋದರೆ ಒಳ್ಳೆಯದಿತ್ತು ಎಂಬರ್ಥದ ಮಾತನ್ನು ಗೆಳೆಯನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಆಡುತ್ತಾನೆ. ಹುಬ್ಬು ಅಲುಗುವುದಿಲ್ಲ, ಕೈ ಬೀಸುವುದಿಲ್ಲ.

ಇವನು ಈ ಕಥೆಯ ಶತ್ರು. ಹಡಗು ಕಣ್ಣಿಗೆ ಕಾಣದ ಹಾಗೆ ಬಂದು, ಗಡಿಯ ಠಾಣೆಗಳನ್ನು ಒಂದೊಂದಾಗಿ ಪುಡಿ ಮಾಡಿದವನು. ಹೆಸರು ಕೇಳಿದರೆ ಹೇಳುವ ಹಾಗಿಲ್ಲ, ಕಂತು ಮುಗಿಯುವ ತನಕ ಯಾರೂ ಅವನನ್ನು ಹೆಸರಿಟ್ಟು ಕರೆಯುವುದೇ ಇಲ್ಲ. ಆ ಪಾತ್ರ ಮಾಡಿದವರು ಮಾರ್ಕ್ ಲೆನಾರ್ಡ್. ಧಾರಾವಾಹಿ ಬಾಹ್ಯಾಕಾಶದಲ್ಲಿ ಸಂಚರಿಸುವ ಹಡಗೊಂದರ ವೈಜ್ಞಾನಿಕ ಕಥೆಯಾದ ‘ಸ್ಟಾರ್ ಟ್ರೆಕ್’, ಕಂತು ‘ಬ್ಯಾಲೆನ್ಸ್ ಆಫ್ ಟೆರರ್’. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಡಿಸೆಂಬರ್ 15ರಂದು ಪ್ರಸಾರವಾಯಿತು.

ನಾನು ಸ್ಟಾರ್ ಟ್ರೆಕ್ ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ, ಪಕ್ಕದ ಮನೆಯ ಕಪ್ಪು-ಬಿಳುಪು ಟೀವಿಯ ಮುಂದೆ ನೆಲದ ಮೇಲೆ ಕೂತು. ಇಂಗ್ಲಿಷು ಅರ್ಧಂಬರ್ಧ ತಿಳಿಯುತ್ತಿತ್ತು. ಮುಖ ನೋಡಿಯೇ ಕಥೆ ಹಿಡಿಯಬೇಕಿತ್ತು. ಹಾಗೆ ನೋಡುವ ಮಕ್ಕಳಿಗೆ ಯಾರ ಮುಖದಲ್ಲಿ ಕಥೆ ಇದೆ, ಯಾರ ಮುಖದಲ್ಲಿ ಬರೀ ಮಾತಿದೆ ಅನ್ನುವುದು ಬೇಗ ಗೊತ್ತಾಗಿಬಿಡುತ್ತದೆ. ನಾಯಕರ ಹೆಸರು ಕಲಿಯುವ ಮೊದಲೇ ಒಂದು ಕಂತಿಗೆ ಬಂದು ಹೋಗುವವರ ಮುಖ ನನ್ನ ತಲೆಯಲ್ಲಿ ಉಳಿಯತೊಡಗಿತ್ತು. ಈ ಮಾತಿನ ಬೇರು ಅಲ್ಲಿದೆ.

ಒಂದು ಕಂತಿನ ಅತಿಥಿ ನಟನ ಪಾಡು ಎಂಥದ್ದು ಅನ್ನುವುದನ್ನು ಸ್ವಲ್ಪ ಯೋಚಿಸಿ. ಹಾಲಿವುಡ್ಡಿನ ಡೆಸಿಲು ಸ್ಟುಡಿಯೋದಲ್ಲಿ ಸ್ಟಾರ್ ಟ್ರೆಕ್‌ನ ಒಂದು ಕಂತಿಗೆ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಆರು ದಿನದ ಚಿತ್ರೀಕರಣ. ಕಾಯಂ ನಟರಿಗೆ ತಮ್ಮ ಪಾತ್ರ ವರ್ಷಗಟ್ಟಲೆ ಮೈಗೆ ಹತ್ತಿರುತ್ತದೆ, ಕುರ್ಚಿಯಲ್ಲಿ ಹೇಗೆ ಕೂರಬೇಕು ಅನ್ನುವುದು ಕೂಡ ಗೊತ್ತಿರುತ್ತದೆ. ಅತಿಥಿ ನಟ ಸೋಮವಾರ ಬರುತ್ತಾನೆ, ಕಿವಿಗೆ ರಬ್ಬರು ಅಂಟಿಸಿಕೊಳ್ಳುತ್ತಾನೆ, ತಾನು ಕಂಡಿರದ ಲೋಕವೊಂದರ ಮನುಷ್ಯನಾಗುತ್ತಾನೆ. ಐವತ್ತು ನಿಮಿಷದ ಕಂತಿನಲ್ಲಿ ಅವನ ಪಾಲಿಗೆ ಬರುವುದು ಹದಿನೈದೋ ಇಪ್ಪತ್ತೋ ನಿಮಿಷ. ಅಷ್ಟರಲ್ಲಿ ಅವನ ಹಿಂದಿನ ಬದುಕು ನಮಗೆ ಕಾಣಬೇಕು. ವೈಜ್ಞಾನಿಕ ಕಥೆಯಲ್ಲಿ ಅದೂ ಸಾಲದು. ಅವನ ಊರು, ಅವನ ಜನ, ಆ ಜನ ಯಾವುದನ್ನು ಮರ್ಯಾದೆ ಅಂತಾರೆ, ಯಾವುದಕ್ಕೆ ನಾಚುತ್ತಾರೆ, ಎಲ್ಲವೂ ಆ ಒಂದೇ ಮುಖದಲ್ಲಿ ಇರಬೇಕು. ಯಾಕೆಂದರೆ ಬೇರೆ ಮುಖ ತೋರಿಸಲು ದುಡ್ಡಿಲ್ಲ.

ದುಡ್ಡಿಲ್ಲ ಅನ್ನುವುದು ಬರೀ ಮಾತಲ್ಲ. ಆ ಕಂತಿನಲ್ಲಿ ರಾಮ್ಯುಲನ್ ಸೈನಿಕರು, ಅಂದರೆ ಈ ದಳಪತಿಯ ಜನ, ಕಿವಿ ಮುಚ್ಚುವ ಹೆಲ್ಮೆಟ್ ಹಾಕಿಕೊಂಡಿದ್ದನ್ನು ಗಮನಿಸಿದಿರಾ? ಎಲ್ಲರಿಗೂ ಚೂಪು ಕಿವಿ ಮಾಡಿಸುವ ಖರ್ಚು ಉಳಿಯಲಿ ಅಂತ ಮಾಡಿದ ಉಪಾಯ ಅದು. ಒಂದು ಇಡೀ ಸಾಮ್ರಾಜ್ಯ ಅಂದರೆ ಒಂದು ಕೋಣೆ, ಕೆಲವು ಹೆಲ್ಮೆಟ್ಟು ಮತ್ತು ಮಾರ್ಕ್ ಲೆನಾರ್ಡ್.

ಆ ಕಂತಿನ ಕಥೆ ಜಲಾಂತರ್ಗಾಮಿ ಯುದ್ಧದ ಸಿನಿಮಾಗಳ ಜಾಡಿನದು. ಬರೆದವರು ಪಾಲ್ ಷ್ನೈಡರ್, ನಿರ್ದೇಶಿಸಿದವರು ವಿನ್ಸೆಂಟ್ ಮೆಕೆವೀಟಿ. ಎರಡು ಹಡಗು ಕತ್ತಲಲ್ಲಿ ಒಂದನ್ನೊಂದು ತಡಕುತ್ತವೆ. ಈ ಕಡೆ ಧಾರಾವಾಹಿಯ ನಾಯಕ, ವಿಲಿಯಂ ಶಾಟ್ನರ್ ಅವರ ಕ್ಯಾಪ್ಟನ್ ಕರ್ಕ್, ಆ ಕಡೆ ಈ ದಳಪತಿ. ಇಬ್ಬರೂ ಒಂದೇ ಕೋಣೆಯಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ. ಆದರೂ ಕಂತಿನುದ್ದಕ್ಕೂ ಅವರಿಬ್ಬರ ನಡುವೆ ಮಾತುಕತೆ ನಡೆಯುತ್ತಲೇ ಇದೆ ಅನ್ನಿಸುತ್ತದೆ. ಅವನು ಹೀಗೆ ಮಾಡುತ್ತಾನೆ ಅಂತ ಇವನು ಊಹಿಸುತ್ತಾನೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಅಂತ ಅವನು ಒಳಗೇ ಒಪ್ಪುತ್ತಾನೆ.

ನಡುವೆ ದಳಪತಿಯ ಗೆಳೆಯ ಸಾಯುತ್ತಾನೆ. ಬೆನ್ನಟ್ಟಿ ಬರುವವರ ಕಣ್ಣು ತಪ್ಪಿಸಲು ಹಡಗಿನ ಚೂರುಪಾರುಗಳನ್ನು ಹೊರಕ್ಕೆ ಚೆಲ್ಲಬೇಕು, ಅದರ ಜೊತೆ ಗೆಳೆಯನ ಹೆಣವನ್ನೂ. ಆ ಅಪ್ಪಣೆ ಕೊಡುವವನು ಅವನೇ. ಅಳುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವ ನಟನಿಗೆ ಸಿಗುತ್ತದೆ? ಲೆನಾರ್ಡ್ ಆ ಅವಕಾಶವನ್ನು ತೆಗೆದುಕೊಳ್ಳುವುದಿಲ್ಲ. ದುಃಖವನ್ನು ಕೆಲಸದ ಕೆಳಗೆ ಇಟ್ಟುಬಿಡುತ್ತಾರೆ. ಅಪ್ಪಣೆಯ ದನಿ ಅಪ್ಪಣೆಯ ದನಿಯಾಗಿಯೇ ಇರುತ್ತದೆ, ನೋಡುವ ನಮಗೆ ಮಾತ್ರ ಗಂಟಲು ಕಟ್ಟುತ್ತದೆ. ಕೊನೆಯಲ್ಲಿ ಹಡಗು ಮುರಿದು ಬಿದ್ದಾಗ ಕರ್ಕ್ ಪರದೆಯ ಮೇಲೆ ಬಂದು ಉಳಿದವರನ್ನು ಕಾಪಾಡುತ್ತೇನೆ ಅನ್ನುತ್ತಾನೆ. ಅದು ನಮ್ಮ ಪದ್ಧತಿಯಲ್ಲ ಅನ್ನುತ್ತಾನೆ ದಳಪತಿ. ಬೇರೊಂದು ಲೋಕದಲ್ಲಿ ನಿನ್ನನ್ನು ಗೆಳೆಯ ಅಂತ ಕರೆಯಬಹುದಿತ್ತು ಅಂತ ಸೇರಿಸುತ್ತಾನೆ. ಆಮೇಲೆ ತಿರುಗಿ, ತನ್ನ ಹಡಗನ್ನು ತಾನೇ ಸ್ಫೋಟಿಸುತ್ತಾನೆ.

ಶೀತಲ ಸಮರ ಕಾವೇರಿದ್ದ ವರ್ಷಗಳು ಅವು. ಶತ್ರು ಅಂದರೆ ಅಬ್ಬರಿಸುವವನು, ಕೇಡಿಗ ಅನ್ನುವುದು ಟೀವಿಯ ವಾಡಿಕೆಯಾಗಿತ್ತು. ಅಂಥ ಹೊತ್ತಿನಲ್ಲಿ ವಾರದ ನಡುವಿನ ಒಂದು ರಾತ್ರಿ, ಮನೆಮನೆಯ ನಡುಮನೆಯಲ್ಲಿ, ದಣಿದ, ಮರ್ಯಾದಸ್ಥ ಶತ್ರುವೊಬ್ಬ ಬಂದು ಕೂತ. ಸ್ಟಾರ್ ಟ್ರೆಕ್‌ನ ಮೂರು ವರ್ಷದ 79 ಕಂತುಗಳಲ್ಲಿ ನನಗೆ ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮುಂಚೆ ರಾಮ್ಯುಲನ್ ಅನ್ನುವ ಜನವೇ ಇರಲಿಲ್ಲ. ಮುಂದಿನ ದಶಕಗಳಲ್ಲಿ ನೂರಾರು ಗಂಟೆಗಳ ಕಥೆಯಲ್ಲಿ ಬಂದ ಪ್ರತಿ ರಾಮ್ಯುಲನ್ನನ ಹಿಂದೆಯೂ ಈ ಹೆಸರಿಲ್ಲದ ದಳಪತಿಯ ನೆರಳಿದೆ.

ನಟನ ಬದುಕನ್ನು ಎರಡು ಮಾತಲ್ಲಿ ಹೇಳುತ್ತೇನೆ. ಹುಟ್ಟಿದ್ದು 1924ರ ಅಕ್ಟೋಬರ್ 15ರಂದು ಶಿಕಾಗೋದಲ್ಲಿ. ಹುಟ್ಟುಹೆಸರು ಲಿಯೊನಾರ್ಡ್ ರೋಸನ್ಸನ್. ಬೆಳೆದದ್ದು ಮಿಶಿಗನ್ ರಾಜ್ಯದ ಸೌತ್ ಹೇವನ್ ಊರಲ್ಲಿ, ಪ್ರವಾಸಿಗರಿಗೆ ತಂಗುದಾಣ ನಡೆಸುತ್ತಿದ್ದ ಮನೆತನ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆ, ಆಮೇಲೆ ನ್ಯೂಯಾರ್ಕಿನ ರಂಗಭೂಮಿ. ಟೀವಿಗೆ ಬಂದ ಮೇಲೆ ‘ಮಿಷನ್: ಇಂಪಾಸಿಬಲ್’ ಥರದ ಧಾರಾವಾಹಿಗಳಲ್ಲಿ ಕಂತಿಗೊಂದು ವೇಷ. ಆಳವಾದ ದನಿ, ಅವಸರವಿಲ್ಲದ ನಡಿಗೆ. ಆ ದನಿ ನಾಟಕದ ಹಲಗೆಯ ಮೇಲೆ ಪಳಗಿದ್ದು. ಕಡೆಯ ಸಾಲಿನವರಿಗೆ ಕೇಳಿಸಲು ಕಲಿತವರು ಮೈಕಿನ ಮುಂದೆ ಪಿಸುಗುಟ್ಟಿದರೆ ಅದಕ್ಕೊಂದು ತೂಕ ಬರುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಪಾತ್ರಕ್ಕೆ ಬರುತ್ತೇನೆ.

ದಳಪತಿ ಸತ್ತು ಹನ್ನೊಂದು ತಿಂಗಳಾದ ಮೇಲೆ, 1967ರ ನವೆಂಬರ್ 17ರಂದು ‘ಜರ್ನಿ ಟು ಬೇಬಲ್’ ಕಂತು ಬಂತು. ಬರೆದವರು ಡಿ.ಸಿ. ಫಾಂಟಾನಾ. ಕರ್ಕ್‌ನ ಹಡಗಿನ ಅಧಿಕಾರಿ ಸ್ಪಾಕ್ ನಿಮಗೆಲ್ಲ ಗೊತ್ತು. ಅಪ್ಪ ವಲ್ಕನ್ ಎಂಬ ಅನ್ಯಗ್ರಹದವನು, ಅಮ್ಮ ಭೂಮಿಯವಳು, ಭಾವನೆಗಳನ್ನು ಅದುಮಿಟ್ಟು ತರ್ಕದ ಹಾದಿ ಹಿಡಿದವನು. ಈ ಕಂತಿನಲ್ಲಿ ಆ ಅಪ್ಪ ಅಮ್ಮ ಹಡಗಿಗೆ ಬರುತ್ತಾರೆ. ಅಪ್ಪ ಸಾರೆಕ್, ವಲ್ಕನ್ನರ ರಾಯಭಾರಿ. ಮಗ ತನ್ನ ಮಾತು ಮೀರಿ ಬಾಹ್ಯಾಕಾಶ ಪಡೆ ಸೇರಿದ ಅಂತ ಹದಿನೆಂಟು ವರ್ಷ ಅವನೊಡನೆ ಅಪ್ಪನಾಗಿ ಮಾತಾಡಿಲ್ಲ. ಇದು ಕರ್ಕ್‌ಗೆ ಗೊತ್ತಿಲ್ಲ. ಅತಿಥಿಗಳನ್ನು ಬರಮಾಡಿಕೊಂಡಾದ ಮೇಲೆ, ಕೆಳಗಿನ ಗ್ರಹಕ್ಕೆ ಹೋಗಿ ನಿನ್ನ ತಂದೆತಾಯಿಯನ್ನು ನೋಡಿ ಬರುವೆಯಾ ಅಂತ ಸ್ಪಾಕ್‌ನನ್ನು ಪ್ರೀತಿಯಿಂದ ಕೇಳುತ್ತಾನೆ. ಈಗ ಬಂದವರೇ ನನ್ನ ತಂದೆತಾಯಿ ಅನ್ನುತ್ತಾನೆ ಸ್ಪಾಕ್.

ನಿಮ್ಮ ಊರಲ್ಲಿ, ನಿಮ್ಮ ನೆಂಟರಲ್ಲಿ ಇಂಥ ಒಬ್ಬ ಅಪ್ಪನನ್ನು ನೋಡಿರದವರು ಯಾರಾದರೂ ಇದ್ದೀರಾ? ಮದುವೆ ಮನೆಯಲ್ಲಿ ಮಗನ ಎದುರೇ ಕೂತಿರುತ್ತಾರೆ, ಅವನನ್ನು ಮಾತಾಡಿಸುವುದಿಲ್ಲ, ಆದರೆ ಅವನ ತಟ್ಟೆಗೆ ಏನು ಬಿತ್ತು ಅನ್ನುವುದರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಲೆನಾರ್ಡ್ ಸಾರೆಕ್‌ಗೆ ಆ ಕಣ್ಣನ್ನು ಕೊಟ್ಟರು. ಮಗನ ಕಡೆ ನೋಡುವುದಿಲ್ಲ, ಮಗ ಎಲ್ಲಿ ನಿಂತಿದ್ದಾನೆ ಅನ್ನುವುದು ಮಾತ್ರ ಅವರ ಮೈಗೆ ಸದಾ ಗೊತ್ತಿರುತ್ತದೆ.

ಈ ಕಂತಿನಲ್ಲಿ ಕೊಲೆಯಿದೆ, ಗೂಢಚಾರನಿದ್ದಾನೆ, ಬೆನ್ನಟ್ಟಿ ಬರುವ ಹಡಗಿದೆ. ಅವೆಲ್ಲ ಹೇಗೋ ಸಾಗುತ್ತವೆ. ಉಳಿಯುವುದು ಒಂದು ಕೈಸನ್ನೆ. ಸಾರೆಕ್ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನು ಜೋಡಿಸಿ ಮುಂದಕ್ಕೆ ಚಾಚುತ್ತಾನೆ. ಹೆಂಡತಿ ಅಮಾಂಡಾ ತನ್ನ ಎರಡು ಬೆರಳು ತಂದು ಅವಕ್ಕೆ ತಾಕಿಸುತ್ತಾಳೆ. ಅಷ್ಟೇ. ವಲ್ಕನ್ ದಂಪತಿ ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವ ಒಲವು ಅಷ್ಟು ಮಾತ್ರ. ಜೊತೆಗೆ ಅವನು ಹೆಂಡತಿಯನ್ನು ಕರೆಯುವ ಮಾತು ಇಂದು ಕೇಳಿದರೆ ಗಂಡನ ದರ್ಪದ ಹಾಗೆಯೇ ಇದೆ. ಆದರೆ ಬೆರಳುಗಳನ್ನು ನೋಡಿ. ಅವಳ ಬೆರಳು ತಾಕುವ ಗಳಿಗೆಯಲ್ಲಿ ಅವನ ಕೈ ಗಟ್ಟಿಯಾಗುವುದಿಲ್ಲ, ಒಂದಿಷ್ಟು ಸಡಿಲವಾಗುತ್ತದೆ. ಅಮಾಂಡಾ ಆಗಿ ಜೇನ್ ವೈಯಟ್ ಮುಖವನ್ನು ಕೊಂಚ ಮೇಲೆತ್ತುತ್ತಾರೆ. ಚುಂಬನದ ದೃಶ್ಯಗಳನ್ನು ಸಾವಿರ ನೋಡಿರಬಹುದು ನಾವು. ದಶಕಗಳ ದಾಂಪತ್ಯವನ್ನು ನಾಲ್ಕು ಬೆರಳಲ್ಲಿ ಹೇಳಿದ್ದನ್ನು ನಾನು ಇಲ್ಲಿ ಮಾತ್ರ ನೋಡಿದ್ದೇನೆ.

ಆಮೇಲೆ ಸಾರೆಕ್‌ಗೆ ಹೃದಯದ ಕಾಯಿಲೆ ಇರುವುದು ಬಯಲಾಗುತ್ತದೆ. ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದಾನೆ. ಶಸ್ತ್ರಚಿಕಿತ್ಸೆಗೆ ಬೇಕಾದ ಅಪರೂಪದ ರಕ್ತ ಮಗನಲ್ಲಿದೆ. ಕರ್ಕ್ ಇರಿತಕ್ಕೆ ಸಿಕ್ಕು ಮಲಗಿದ್ದಾನೆ, ಹಡಗಿನ ಹೊಣೆ ಬಿಟ್ಟು ಬರಲಾರೆ ಅನ್ನುತ್ತಾನೆ ಮಗ. ಅಮ್ಮ ಮಗನ ಕೆನ್ನೆಗೆ ಹೊಡೆಯುತ್ತಾಳೆ. ಇಲ್ಲಿ ಅಪ್ಪ ಹಾಸಿಗೆಯಲ್ಲಿದ್ದಾನೆ, ಕಥೆಯಲ್ಲಿ ಅವನಿಗೆ ಮಾಡಲು ಏನೂ ಇಲ್ಲ. ಆದರೂ ಮಗ ಕರ್ತವ್ಯದ ಹೆಸರಲ್ಲಿ ಆಡುವ ಪ್ರತಿ ಮಾತಿನಲ್ಲಿ ಅಪ್ಪನ ದನಿ ಕೇಳುತ್ತದೆ. ಲಿಯೊನಾರ್ಡ್ ನಿಮೋಯ್ ಅದಾಗಲೇ ಒಂದೂವರೆ ವರ್ಷದಿಂದ ಸ್ಪಾಕ್ ಆಗಿದ್ದವರು. ಅವರು ಕಟ್ಟಿದ ಆ ಗಾಂಭೀರ್ಯ, ಆ ತಡೆದ ಉಸಿರು, ಇವೆಲ್ಲ ಬಂದದ್ದು ಈ ಅಪ್ಪನಿಂದಲೇ ಅಂತ ನಂಬುವ ಹಾಗೆ ಮಾಡಿದ್ದು ಕೆಲವೇ ದಿನಕ್ಕೆ ಬಂದುಹೋದ ಅತಿಥಿ ನಟ. ನಿಜದಲ್ಲಿ ಲೆನಾರ್ಡ್ ಅವರಿಗೆ ಆಗ 43, ನಿಮೋಯ್ ಅವರಿಗೆ 36. ಏಳು ವರ್ಷಕ್ಕೂ ಕಡಿಮೆ ಅಂತರ. ಕೂದಲಿಗೆ ಒಂದಿಷ್ಟು ಬಿಳಿ ಬಳಿದಿದ್ದರು ನಿಜ, ಆದರೆ ಬಣ್ಣ ಕೊಡುವುದು ವಯಸ್ಸನ್ನು, ಅಪ್ಪತನವನ್ನಲ್ಲ.

ಕನ್ನಡದಲ್ಲಿ ಇಂಥವರನ್ನು ನಾವು ಪೋಷಕ ನಟರು ಅನ್ನುತ್ತೇವೆ. ಮಕ್ಕಳ ಶಾಲೆಯಿಂದ ಬರುವ ಚೀಟಿಯಲ್ಲಿ ಪೋಷಕರು ಅಂದರೆ ತಂದೆತಾಯಿ. ಒಂದೇ ಪದ. ಲೆನಾರ್ಡ್ ಅವರ ಸಾರೆಕ್ ನೋಡುವಾಗೆಲ್ಲ ಈ ಪದ ಎರಡೂ ಅರ್ಥದಲ್ಲಿ ನನ್ನ ಮುಂದೆ ನಿಲ್ಲುತ್ತದೆ. ಇನ್ನೊಬ್ಬ ನಟನ ಪಾತ್ರಕ್ಕೆ ಅವರು ಮನೆ ಕೊಟ್ಟರು, ಬಾಲ್ಯ ಕೊಟ್ಟರು, ಒಂದು ಹಳೆಯ ಗಾಯವನ್ನೂ ಕೊಟ್ಟರು. ಆಮೇಲೆ ಬಂದ ಸ್ಪಾಕ್ ಕಥೆಗಳೆಲ್ಲ ಆ ಗಾಯವನ್ನು ಮುಟ್ಟದೆ ಮುಂದೆ ಹೋಗಲಿಲ್ಲ.

ಮಧ್ಯದ ವರ್ಷಗಳನ್ನು ಬೇಗ ದಾಟುತ್ತೇನೆ. 1974ರಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಟೀವಿ ಧಾರಾವಾಹಿಯಾಗಿ ಬಂದಾಗ ಲೆನಾರ್ಡ್ ಗೊರಿಲ್ಲಾ ಸೇನಾಪತಿ ಉರ್ಕೋ ಆದರು. ಅದು ಅತಿಥಿ ಪಾತ್ರವಲ್ಲ, ಆದರೆ ಧಾರಾವಾಹಿಯೇ 14 ಕಂತಿಗೆ ನಿಂತುಹೋಯಿತು. ಮುಖವೆಲ್ಲ ಮುಚ್ಚಿದ ಮುಖವಾಡದಲ್ಲಿ ಉಳಿದದ್ದು ಕಣ್ಣು ಮತ್ತು ದನಿ. ಅಷ್ಟರಲ್ಲೇ ಅವರು ಸಿಟ್ಟನ್ನೂ ಅಹಂಕಾರವನ್ನೂ ತೋರಿಸಿದರು. ‘ಬಕ್ ರಾಜರ್ಸ್’ ಧಾರಾವಾಹಿಯಲ್ಲಿ 1981ರಲ್ಲಿ ತನ್ನ ತಲೆಯನ್ನೇ ಮೈಯಿಂದ ಕಳಚಬಲ್ಲ ರಾಯಭಾರಿಯ ಪಾತ್ರ ಮಾಡಿದರು. ಕಥೆ ಬಲಹೀನ, ನೋಡಿ ಅಂತ ಹೇಳಲಾರೆ. ಆದರೆ ಅಲ್ಲೂ ಅವರು ಆ ರಾಯಭಾರಿಯ ಘನತೆಗೆ ಕುಂದು ತರುವುದಿಲ್ಲ.

1979ರ ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’ ಟೀವಿಯದ್ದಲ್ಲ, ಬೆಳ್ಳಿತೆರೆಯದು. ಆದರೂ ಅದರ ಮೊದಲ ಕೆಲವು ನಿಮಿಷ ನಮ್ಮ ವಿಷಯಕ್ಕೆ ಬೇಕು. ಕ್ಲಿಂಗಾನ್ ಎಂಬ ಯೋಧ ಜನಾಂಗ ಅಲ್ಲಿಯವರೆಗೆ ಕಂದುಬಣ್ಣ ಬಳಿದುಕೊಂಡ ಮನುಷ್ಯರ ಹಾಗೆ ಕಾಣುತ್ತಿತ್ತು. ಈ ಚಿತ್ರದಲ್ಲಿ ಮೊದಲ ಬಾರಿಗೆ ಅವರ ಹಣೆಯ ಮೇಲೆ ಮೂಳೆಯ ಏಣು ಬಂತು, ಬಾಯಲ್ಲಿ ಅವರದೇ ಭಾಷೆ ಬಂತು. ಆ ಭಾಷೆಯ ಮೊದಲ ಶಬ್ದಗಳನ್ನು ಹೊಸೆದವರು ಹಡಗಿನ ಎಂಜಿನಿಯರ್ ಪಾತ್ರದ ಜೇಮ್ಸ್ ಡೂಹನ್. ಅವನ್ನು ತೆರೆಯ ಮೇಲೆ ಆಡಿದ ಕ್ಲಿಂಗಾನ್ ಕ್ಯಾಪ್ಟನ್ ಮಾರ್ಕ್ ಲೆನಾರ್ಡ್. ಗಂಟಲಿನಿಂದ ಹೊರಡುವ, ಅರ್ಥವಾಗದ ಆ ಕೆಲವು ಅಪ್ಪಣೆಗಳು, ಕಡೆಗೆ ಎದುರಿನ ಬೆಳಕು ನುಂಗಲು ಬಂದಾಗಿನ ಆ ನೋಟ. ಅಲ್ಲಿಗೆ ರಾಮ್ಯುಲನ್, ವಲ್ಕನ್, ಕ್ಲಿಂಗಾನ್ ಎಂಬ ಸ್ಟಾರ್ ಟ್ರೆಕ್‌ನ ಮೂರು ದೊಡ್ಡ ಅನ್ಯಲೋಕದ ಜನಾಂಗಗಳನ್ನೂ ಆಡಿದ ಮೊದಲಿಗರಾದರು.

ಇಲ್ಲಿ ಸಭೆಯಲ್ಲಿ ಹಿರಿಯರೊಬ್ಬರು ಕೈಯೆತ್ತಿ ಕೇಳಿದರು: “ಒಬ್ಬನೇ ನಟ ಹೋದ ವರ್ಷ ಶತ್ರು, ಈ ವರ್ಷ ನಾಯಕನ ಅಪ್ಪ ಅಂದರೆ ನೋಡುವವರಿಗೆ ಗಲಿಬಿಲಿ ಆಗಲಿಲ್ಲವೇನಪ್ಪಾ?” ಒಳ್ಳೆಯ ಪ್ರಶ್ನೆ. ಆ ಕಾಲದಲ್ಲಿ ಮನೆಯಲ್ಲಿ ವಿಸಿಆರ್ ಇಲ್ಲ. ಹನ್ನೊಂದು ತಿಂಗಳ ಹಿಂದೆ ನೋಡಿದ್ದನ್ನು ತಿರುಗಿಸಿ ನೋಡುವ ಹಾಗಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ‘ಬ್ಯಾಲೆನ್ಸ್ ಆಫ್ ಟೆರರ್’ ಕಂತಿನಲ್ಲಿ ಪರದೆಯ ಮೇಲೆ ರಾಮ್ಯುಲನ್ ಮುಖ ಮೂಡಿದಾಗ ಇಡೀ ಹಡಗು ಬೆಚ್ಚುತ್ತದೆ, ಯಾಕೆಂದರೆ ಅದು ಸ್ಪಾಕ್‌ನ ಹಾಗೇ ಇದೆ. ರಾಮ್ಯುಲನ್ನರು ಎಂದೋ ಕವಲೊಡೆದು ಹೋದ ವಲ್ಕನ್ನರ ದಾಯಾದಿಗಳಿರಬೇಕು ಅನ್ನುತ್ತದೆ ಕಥೆ. ಒಬ್ಬ ಅಧಿಕಾರಿಯಂತೂ ಸ್ಪಾಕ್‌ನನ್ನು ಗೂಢಚಾರ ಅಂತ ಅನುಮಾನಿಸುತ್ತಾನೆ. ಶತ್ರುವಿನ ಮುಖ ನಮ್ಮವನ ಮುಖದ ಹಾಗಿದೆ ಅನ್ನುವುದೇ ಆ ಕಂತಿನ ಕುತ್ತು. ಮುಂದಿನ ವರ್ಷ ಅದೇ ಮುಖ ಸ್ಪಾಕ್‌ನ ಅಪ್ಪನಾಗಿ ಬಂದದ್ದು ಯಾರೋ ಯೋಚಿಸಿ ಹೆಣೆದದ್ದಲ್ಲದಿರಬಹುದು, ಆದರೆ ಈಗ ಎರಡನ್ನೂ ಒಟ್ಟಿಗೆ ನೋಡಿದರೆ ದಾಯಾದಿ ಅನ್ನುವ ಮಾತು ನಿಜವಾಗಿಬಿಡುತ್ತದೆ.

ಎಂಬತ್ತರ ದಶಕದಲ್ಲಿ ಸಾರೆಕ್ ಬೆಳ್ಳಿತೆರೆಗೂ ಬಂದ. 1984 ಮತ್ತು 1986ರ ಸ್ಟಾರ್ ಟ್ರೆಕ್ ಚಿತ್ರಗಳನ್ನು ನಿರ್ದೇಶಿಸಿದವರು ನಿಮೋಯ್, ಅಂದರೆ ಮಗನೇ ಅಪ್ಪನ ನಟನೆಯನ್ನು ನಿರ್ದೇಶಿಸಿದ ಹಾಗಾಯಿತು. 1986ರ ಚಿತ್ರದ ಕೊನೆಯಲ್ಲಿ ಸಾರೆಕ್ ಮಗನ ಮುಂದೆ ನಿಂತು, ನೀನು ಪಡೆ ಸೇರುವುದನ್ನು ನಾನು ವಿರೋಧಿಸಿದ್ದು ತಪ್ಪಾಗಿರಬಹುದು ಅನ್ನುತ್ತಾನೆ. ಒಂದೇ ವಾಕ್ಯ, ಅದೂ ರಾಯಭಾರಿಯ ಭಾಷೆಯಲ್ಲಿ. ಹದಿನೆಂಟು ವರ್ಷದ ಮೌನಕ್ಕೆ ಅಪ್ಪಂದಿರು ಕೊಡುವ ಪರಿಹಾರ ಸಾಮಾನ್ಯವಾಗಿ ಅಷ್ಟೇ ಇರುತ್ತದೆ.

ಕೊನೆಯ ಎರಡು ಕಂತು ಹೊಸ ಧಾರಾವಾಹಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ನದ್ದು. 1990ರ ಮೇ ತಿಂಗಳಲ್ಲಿ ಬಂದ ಕಂತಿನ ಹೆಸರೇ ‘ಸಾರೆಕ್’. ಅವನಿಗೀಗ ಇನ್ನೂರರ ಮೇಲೆ ವಯಸ್ಸು. ವಲ್ಕನ್ನರಿಗೆ ಮುಪ್ಪಿನಲ್ಲಿ ಅಪರೂಪಕ್ಕೆ ಬರುವ ಕಾಯಿಲೆ ಹಿಡಿದಿದೆ, ಜೀವಮಾನವಿಡೀ ಹಿಡಿದಿಟ್ಟ ಭಾವನೆಗಳ ಕಟ್ಟೆ ಒಡೆಯುತ್ತಿದೆ. ಆ ಭಾವನೆ ಸುತ್ತಲಿನವರಿಗೂ ಹರಿದು ಹಡಗಿನವರೆಲ್ಲ ಕಾರಣವಿಲ್ಲದೆ ಜಗಳ ಕಾಯುತ್ತಾರೆ. ಈ ಜಗಳದ ದೃಶ್ಯಗಳು ನನಗೆ ತೀರಾ ಒರಟು ಅನ್ನಿಸುತ್ತವೆ. ಆದರೆ ಸಂಗೀತ ಕಛೇರಿಯ ದೃಶ್ಯ ಬೇರೆಯೇ. ಸಾರೆಕ್ ಮುಂದಿನ ಸಾಲಿನಲ್ಲಿ ಕೂತು ತಂತಿವಾದ್ಯ ಕೇಳುತ್ತಿದ್ದಾನೆ. ಮುಖ ಕಲ್ಲಿನ ಹಾಗಿದೆ. ಕೆನ್ನೆಯ ಮೇಲೆ ಒಂದೇ ಒಂದು ಹನಿ ಇಳಿಯುತ್ತದೆ. 1966ರಿಂದ ಹಿಡಿದು ಆ ಮುಖ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ಅದಕ್ಕೇ ಆ ಒಂದು ಹನಿಗೆ ಅಷ್ಟು ಭಾರ.

ಅದೇ ಕಂತಿನಲ್ಲಿ ಈ ಹೊಸ ಧಾರಾವಾಹಿಯ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಸಾರೆಕ್‌ನ ಮನಸ್ಸಿನ ಜೊತೆ ತನ್ನ ಮನಸ್ಸು ಬೆಸೆದು, ಅವನ ಬೇಗುದಿಯನ್ನು ಕೆಲವು ಗಂಟೆ ತಾನು ಹೊರುತ್ತಾನೆ, ಸಾರೆಕ್ ತನ್ನ ಕೊನೆಯ ಸಂಧಾನವನ್ನು ನೆಟ್ಟಗೆ ಮುಗಿಸಲಿ ಅಂತ. ಪಿಕಾರ್ಡ್ ಆಗಿ ಪ್ಯಾಟ್ರಿಕ್ ಸ್ಟೀವರ್ಟ್ ಅಲ್ಲಿ ಅತ್ತು ಕೂಗಾಡುವ ದೃಶ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ಮಗನಿಗೆ, ಹೆಂಡತಿಗೆ ಎಷ್ಟು ಮಮತೆ ತೋರಿಸಬೇಕೆಂದಿದ್ದೆ, ಅದು ನಮ್ಮ ರೀತಿಯಲ್ಲವಲ್ಲ ಅಂತ ಪಿಕಾರ್ಡ್‌ನ ಬಾಯಲ್ಲಿ ಸಾರೆಕ್ ಗೋಳಾಡುತ್ತಾನೆ. ಆ ಹೊತ್ತಿನಲ್ಲಿ ಲೆನಾರ್ಡ್ ತೆರೆಯ ಮೇಲೆ ಇಲ್ಲ. ಆದರೂ ಸ್ಟೀವರ್ಟ್ ಅಳುತ್ತಿರುವುದು ಲೆನಾರ್ಡ್ 1967ರಲ್ಲಿ ಅಳದೆ ಉಳಿಸಿಟ್ಟ ಅಳುವನ್ನು. ಅತಿಥಿಯಾಗಿ ಬಂದವರು ತಮ್ಮ ಪಾತ್ರದ ಅತಿ ದೊಡ್ಡ ಗಳಿಗೆಯನ್ನು ಮನೆಯವರ ಕೈಗೆ ಇಟ್ಟು ಪಕ್ಕಕ್ಕೆ ಸರಿದರು.

ಕಡೆಯದಾಗಿ ಈ ತುಣುಕು. 1991ರ ನವೆಂಬರ್, ‘ಯೂನಿಫಿಕೇಷನ್’ ಕಂತಿನ ಮೊದಲ ಭಾಗ. ಲೆನಾರ್ಡ್ ಇನ್ನು ಐದು ವರ್ಷ ಬದುಕಿದ್ದರು, 1996ರ ನವೆಂಬರ್ 22ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಟೀವಿಯಲ್ಲಿ ಸಾರೆಕ್‌ನ ಕೊನೆ ಇದೇ. ಕತ್ತಲು ಕವಿದ ಕೋಣೆ, ಹಾಸಿಗೆ. ಮಗ ಎಲ್ಲಿದ್ದಾನೆ ಅಂತ ಕೇಳಲು ಪಿಕಾರ್ಡ್ ಬಂದಿದ್ದಾನೆ. ಮುದುಕ ಎಲ್ಲೋ ಇದ್ದಾನೆ, ಮಾತು ಸಿಕ್ಕಿ ಸಿಕ್ಕಿ ತಪ್ಪುತ್ತದೆ. ಚಿಕ್ಕವನಿದ್ದಾಗ ಸ್ಪಾಕ್ ಬೆಟ್ಟಗಳ ಕಡೆ ಹೋಗಿ ದಿನಗಟ್ಟಲೆ ಬರುತ್ತಿರಲಿಲ್ಲ, ಕೇಳಿದರೆ ಹೇಳುತ್ತಿರಲಿಲ್ಲ, ಬೈದರೂ ಮತ್ತೆ ಹೋಗುತ್ತಿದ್ದ ಅಂತ ನೆನೆಯುತ್ತಾನೆ. ದೂರು ಹೇಳುವ ದನಿಯೇ ಅದು, ಆದರೆ ಅದರ ತುಂಬ ಹೆಮ್ಮೆಯಿದೆ. ಹೊರಡುವ ಮುಂಚೆ ಪಿಕಾರ್ಡ್ ವಲ್ಕನ್ನರ ವಂದನೆ ಹೇಳುತ್ತಾನೆ. ಬೆರಳುಗಳನ್ನು ನಡುವೆ ಅಗಲಿಸಿ ಅಂಗೈ ತೋರಿಸುವ ಆ ಸನ್ನೆ, ಬಾಳಿ ಬದುಕು ಅನ್ನುವ ಹಾರೈಕೆ. ಸಾರೆಕ್ ಮರುವಂದನೆಗೆ ಯತ್ನಿಸುತ್ತಾನೆ. ನಾಲ್ಕು ಬೆರಳಲ್ಲಿ ಒಂದು ದಾಂಪತ್ಯವನ್ನು ಹೇಳಿದ್ದ ಕೈ ಇದು. ಈಗ ಬೆರಳು ಮಾತು ಕೇಳುವುದಿಲ್ಲ. ಹಾರೈಕೆ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುಮಾಡುತ್ತಾನೆ, ಮತ್ತೆ ಅಲ್ಲೇ ತಡವರಿಸುತ್ತದೆ. ಮುಂದಿನ ಪದ ಬರಬೇಕಾದ ಜಾಗದಲ್ಲಿ ಮಗನ ಹೆಸರು ಬರುತ್ತದೆ.

ದೀಪ ಆರಿಸೋಣ, ನೋಡೋಣ.